ನೋವಿದೆಯೇ ಎಂದು ಕೇಳಿದ ಪುಸ್ತಕ

ಸಾಫಿ ಮೀನಿನ ಬೆನ್ನ ಮೇಲೆ ಮುಳ್ಳುಗಳ ಸಾಲಿರುತ್ತದೆ. ಅದನ್ನು ಕತ್ತರಿಯಿಂದ ತೆಗೆದ ಮೇಲೆಯೇ ಮೀನನ್ನು ಕೈಗೆತ್ತಿಕೊಳ್ಳಬೇಕು. ಚುಚ್ಚಿತೆಂದರೆ ಇಳಿಹೊತ್ತಿನ ಅಸರ್ ನಮಾಝಿನಿಂದ ಸೂರ್ಯ ಮುಳುಗಿದ ಮೇಲಿನ ಮಗ್ರಿಬ್‌ವರೆಗೆ ಕೈ ಉರಿಯುತ್ತದೆ. ಆ ಶುಕ್ರವಾರ ಸಂಜೆ ನಾನು ಆರನೆಯ ಮೀನಿಗೆ ಕತ್ತರಿ ಇಟ್ಟಿದ್ದೆ. ಕಂಪನಿಯ ವ್ಯಾನ್ ಓಡಿಸುವ ಅಬ್ಬಾಸ್ ಬಂದು ಬಾಗಿಲು ಬಡಿದ. ತೆರೆಯುವ ಮೊದಲೇ ಹೊರಗಿನಿಂದ ಕೂಗಿದ.

“ಅಕ್ಕಾ, ಹನೀಫ್ ಬಿದ್ದ. ಕಾಲಿನ ಎಲುಬು ಹೋಯ್ತು. ಮೈದಾನದ ಆಚೆ ಕಡೆ ನಿಂತವರಿಗೂ ಶಬ್ದ ಕೇಳಿತು ಅಕ್ಕಾ.”

“ಯಾವ ಕಾಲು?” ಎಂದೆ.

“ಎಡದ್ದು.”

ಇಂಥ ಹೊತ್ತಿನಲ್ಲಿ ಯಾವ ಕಾಲೆಂದು ಯಾರಾದರೂ ಕೇಳುತ್ತಾರೆಯೇ ಎಂದು ಅಬ್ಬಾಸನಿಗೆ ಅನ್ನಿಸಿರಬೇಕು. ನಾನು ಕೇಳಿದ್ದು ಬಲಗಾಲು ಎಂದು ಹೇಳಲಿ ಎಂಬ ಆಸೆಯಿಂದ. ಬಲಗಾಲಾಗಿದ್ದರೆ ಅದು ಅಲ್ಲಾಹನ ವಿಧಿ. ಎಡಗಾಲಾದ್ದರಿಂದ ಅದರಲ್ಲಿ ನನ್ನ ಕೈಯೂ ಇತ್ತು. ಮೀನಿನ ಮುಳ್ಳು ಹೆಬ್ಬೆರಳಿಗೆ ಆಳವಾಗಿ ಹೋಗಿದೆ ಎಂದು ಗೊತ್ತಾದದ್ದು ಅಬ್ಬಾಸ್ ಮೆಟ್ಟಿಲಿಳಿದು ಹೋದ ಮೇಲೆ.

ಅದೆಲ್ಲ ಆಗಿ ಎಷ್ಟೋ ವರ್ಷಗಳ ಮೇಲೆ, ಕಳೆದ ಚಳಿಗಾಲದಲ್ಲಿ ಮಗಳ ಮನೆಗೆಂದು ಮತ್ತೆ ಬಹ್ರೈನಿಗೆ ಹೋಗಿದ್ದೆ. ಅವಳು ಸನದ್‌ನಲ್ಲಿದ್ದಾಳೆ. ಒಂದು ಸಂಜೆ ಮನಾಮಾದಿಂದ ಹಿಂದಿರುಗುವಾಗ ಅಳಿಯ ಟ್ರಾಫಿಕ್ ತಪ್ಪಿಸಲು ಸೆಗಯಾದ ಒಳದಾರಿಗೆ ಕಾರು ತಿರುಗಿಸಿದ. ಯಾರದೋ ಅಡುಗೆಮನೆಯಿಂದ ಎಣ್ಣೆಯಲ್ಲಿ ಸಾಫಿ ಕಾಯಿಸುವ ವಾಸನೆ ಕಾರಿನೊಳಗೆ ಬಂತು. “ನಿಲ್ಲಿಸು ಮಗಾ” ಎಂದೆ. ಆಗ ನಾವಿದ್ದ ಹಳೆಯ ಕಟ್ಟಡ ಇನ್ನೂ ನಿಂತಿದೆ. ಕೆಳಗಿದ್ದ ದರ್ಜಿ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಮೂರನೆಯ ಮಹಡಿಯಲ್ಲಿ ನಮ್ಮ ಕಿಟಕಿ, ಅದರ ಮೇಲೆ ಮಾಳಿಗೆಯ ಅಂಚು ಕಂಡವು.

“ಇಳೀಬೇಕಾ ಉಮ್ಮಾ?” ಎಂದು ಮಗಳು ಕೇಳಿದಳು.

“ಬೇಡ. ಕಂಡಿತಲ್ಲ, ಸಾಕು.”

ಮನೆ ಮುಟ್ಟುವವರೆಗೂ ನಾನು ಹೆಬ್ಬೆರಳನ್ನು ಉಜ್ಜುತ್ತಲೇ ಇದ್ದೆನೆಂದು ಮಗಳು ಆಮೇಲೆ ಹೇಳಿದಳು. ಆ ವರ್ಷದ್ದನ್ನು ಬರೆದಿಡಬೇಕೆಂದು ಅಂದೇ ತೀರ್ಮಾನಿಸಿದೆ.

ಅದು ಸೌದಿಗೆ ಹೋಗುವ ಸೇತುವೆ ತೆರೆದ ಮರುವರ್ಷ. ನನ್ನ ಯಜಮಾನರು ಒಂದು ಕಟ್ಟಡ ಕಂಪನಿಯ ಆಫೀಸಿನಲ್ಲಿ ಗುಮಾಸ್ತರು. ಆಗ ಕಂಪನಿ ಕಂಪನಿಗಳ ನಡುವೆ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಸಿಮೆಂಟು ಕಲಸುವುದರಲ್ಲಿ ಹಿಂದೆ ಬಿದ್ದರೂ ಬೇಸರವಿಲ್ಲದ ಮ್ಯಾನೇಜರನಿಗೆ ಫುಟ್‌ಬಾಲಿನಲ್ಲಿ ಸೋತರೆ ನಿದ್ದೆ ಬರುತ್ತಿರಲಿಲ್ಲ. ನಮ್ಮೂರ ಕಡೆ ಚೆನ್ನಾಗಿ ಆಡುವ ಹುಡುಗರಿದ್ದಾರೆಂದು ಯಾರೋ ಅವನ ಕಿವಿಯಲ್ಲಿ ಹಾಕಿದರು. ಆ ಮಳೆಗಾಲ ಮುಗಿಯುತ್ತಲೇ ಮೂರು ಕಂಪನಿಗಳ ಜನ ಮಂಗಳೂರಿಗೆ ಹೋದರು, ನಮ್ಮ ಕಂಪನಿಯಿಂದ ಇವರೇ ಹೋದರು. ಮೈದಾನದಲ್ಲಿ ಒಂದು ವಾರದ ಪಂದ್ಯ ನೋಡಿ ಹುಡುಗರನ್ನು ಆರಿಸಿದರು. ಒಬ್ಬನೇ ಹುಡುಗನಿಗೆ ಮೂವರೂ ಕೈ ಹಾಕಿದಾಗ ಜಗಳ ಬೇಡವೆಂದು ಹೆಸರು ಬರೆದ ಚೀಟಿಗಳನ್ನು ಒಂದು ಟೊಪ್ಪಿಗೆ ಹಾಕಿ, ಒಬ್ಬೊಬ್ಬರಾಗಿ ಎತ್ತಿದರಂತೆ. ಇವರ ಕೈಗೆ ಬಂದದ್ದು ಎರಡು ಚೀಟಿ: ಬೆಂಗ್ರೆಯ ಹನೀಫ್, ಸುರತ್ಕಲ್ ಕಡೆಯ ವಿಶ್ವನಾಥ. ಇಬ್ಬರಿಗೂ ಹದಿನೆಂಟು.

“ಹುಡುಗರು ಎಂತ ಹೇಳಿದರು?” ಎಂದು ನಾನು ಇವರಲ್ಲಿ ಕೇಳಿದ್ದು ನೆನಪಿದೆ.

“ಎಂತ ಹೇಳೋದು? ಗಲ್ಫಿಗೆ ವಿಸಾ ಕೊಟ್ಟರೆ ಬೇಡ ಅಂತಾರಾ?”

ನನಗೂ ಅದು ಸರಿಯೆಂದೇ ಅನ್ನಿಸಿತು.

ತಂಡಕ್ಕೆ ತರಬೇತಿ ಕೊಡುತ್ತಿದ್ದವರು ಕಂಪನಿಯ ಎಂಜಿನಿಯರ್ ಡಗ್ಲಸ್ ಸಾಹೇಬರು. ಆಸ್ಟ್ರೇಲಿಯಾದವರು. ಬಿಸಿಲಿಗೆ ಸುಟ್ಟು ಕೆಂಪಗಾದ ಮುಖ, ಪೊರಕೆಯಂತಹ ಮೀಸೆ. ಅವರ ದೇಶದಲ್ಲಿ ಫುಟ್‌ಬಾಲ್ ಎಂದರೆ ಬೇರೆಯೇ ಆಟವಂತೆ. ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು, ಮತ್ತೊಬ್ಬನ ಹೆಗಲ ಮೇಲೆ ಹಾರಿ ಹಿಡಿದರೂ ತಪ್ಪಿಲ್ಲ. ಅಲ್ಲಿ ಅವರು ಎಷ್ಟೋ ವರ್ಷ ಒಂದು ದೊಡ್ಡ ಕ್ಲಬ್ಬಿನಲ್ಲಿ ಎಳೆಯ ಹುಡುಗರನ್ನು ಬೆಳೆಸುವ ಕೆಲಸ ಮಾಡಿದ್ದರು. ದೂರದೂರದ ಊರುಗಳ ಹುಡುಗರನ್ನು ಕ್ಲಬ್ಬುಗಳು ಸರದಿಯಂತೆ ಹೆಸರು ಕೂಗಿ ಆರಿಸಿಕೊಳ್ಳುವ ಕ್ರಮ ಅಲ್ಲಿಯೂ ಆಗಷ್ಟೇ ಶುರುವಾಗಿತ್ತಂತೆ. ಯಾರು ಕೂಗಿದರೋ ಅವರ ಊರಿಗೆ ಹುಡುಗ ಗಂಟು ಕಟ್ಟಬೇಕು. ಹೋದಲ್ಲಿ ಅವನನ್ನು ಹಾಸ್ಟೆಲಿನಲ್ಲಿ ಇಡುವುದಿಲ್ಲ. ಯಾರದಾದರೂ ಮನೆಯಲ್ಲಿ ಬಿಡುತ್ತಾರೆ. ಮೊದಲ ವರ್ಷ ಆಟ ಕಡಿಮೆ, ಊಟ ಮತ್ತು ನಿದ್ದೆ ಹೆಚ್ಚು. ಎಲುಬು ಗಟ್ಟಿಯಾಗುವವರೆಗೆ ದೊಡ್ಡವರ ಎದುರು ಇಳಿಸುವುದಿಲ್ಲ.

ನಮ್ಮ ಹುಡುಗರನ್ನು ಒಂದು ಕೋಣೆಗೆ ಹದಿನಾರು ಜನರಿರುವ ಲೇಬರ್ ಕ್ಯಾಂಪಿನಲ್ಲಿ ಹಾಕುತ್ತಾರೆಂದು ತಿಳಿದಾಗ ಡಗ್ಲಸ್ ಸಾಹೇಬರು ಆಫೀಸಿನ ಮೇಜು ಕುಟ್ಟಿದರಂತೆ. ನಮ್ಮ ಕಟ್ಟಡದ ಮಾಳಿಗೆಯ ಮೇಲೊಂದು ಖಾಲಿ ಕೋಣೆ ಇತ್ತು. ಇವರು ಅದರ ಸುದ್ದಿ ಬಾಯಿಬಿಟ್ಟರು. ಹೀಗೆ ಆ ಇಬ್ಬರು ನನ್ನ ಪಾಲಿಗೆ ಬಂದರು.

ಬಂದ ಮರುದಿನ ಸಾಹೇಬರು ನಮ್ಮ ಮನೆಗೆ ಬಂದು ಒಂದು ನೀಲಿ ರಟ್ಟಿನ ಪುಸ್ತಕ ಕೊಟ್ಟರು. ಪ್ರತಿ ಪುಟದಲ್ಲಿ ಸ್ಕೇಲಿನಿಂದ ಎಳೆದ ಐದು ಮನೆ. ಎರಡನೇ ತರಗತಿಯಲ್ಲಿದ್ದ ನನ್ನ ಮಗಳು ನಸೀಮಾ ತಲೆಬರಹಗಳನ್ನು ಓದಿ ಹೇಳಿದಳು: ನಿದ್ದೆ, ಊಟ, ನೀರು, ತೂಕ, ನೋವು. ಇದನ್ನು ದಿನವೂ ನಾನೇ ತುಂಬಬೇಕು. ಕನ್ನಡದಲ್ಲಿ ಬರೆದರೆ ಸಾಕು, ವಾರಕ್ಕೊಮ್ಮೆ ಇವರು ಇಂಗ್ಲಿಷಿಗೆ ಮಾಡಿ ಕೆಳಗೆ ಸಹಿ ಹಾಕಿ ಕೊಡಬೇಕು. ನಾನು ಪರದೆಯ ಹಿಂದೆ ನಿಂತಿದ್ದೆ. ಸಾಹೇಬರು ಪರದೆಗೆ ನಮಸ್ಕಾರ ಮಾಡಿ, ನೀರು ಕುಡಿದು ಹೋದರು.

“ಇದೆಂತ ಮಾಮಿ, ನಾವು ದನವಾ?” ಎಂದು ವಿಶ್ವ ನಕ್ಕ. “ಎಷ್ಟು ತಿಂದಿತು, ಎಷ್ಟು ಕುಡಿಯಿತು, ಎಷ್ಟು ತೂಗ್ತದೆ?”

ಹನೀಫ್ ನನ್ನನ್ನು ಮಾಮಿ ಎನ್ನುತ್ತಿದ್ದುದನ್ನು ಕೇಳಿ ಅವನೂ ಹಾಗೇ ಕರೆಯುತ್ತಿದ್ದ. ಎತ್ತರದ ಆಳು, ಗೋಲು ಕಾಯುವ ಗೋಲಿ. ಬಾಯಿಗೆ ಬೀಗವಿಲ್ಲ. ನಮ್ಮ ದನದ ಮಾಂಸ ತಾಗದಿರಲೆಂದು ಅವನಿಗೆ ಒಂದು ಬೇರೆ ಬಾಣಲೆ ಇಟ್ಟಿದ್ದೆ. ಅವನು ಕೇಳಿರಲಿಲ್ಲ, ಇಟ್ಟದ್ದು ಗೊತ್ತಾದ ದಿನ ಸುಮ್ಮನೆ ಪಾತ್ರೆ ತೊಳೆದುಕೊಟ್ಟು ಹೋದ. ಹನೀಫ್ ಬೇರೆಯೇ ಬಗೆಯ ಹುಡುಗ. ಸಣ್ಣ ಮೈ, ದೊಡ್ಡ ಕಣ್ಣು. ಬೆಂಗ್ರೆಯ ಮರಳಿನಲ್ಲಿ ಬರಿಗಾಲಲ್ಲಿ ಆಡಿದವನು; ಇಲ್ಲಿ ಮೊದಲ ಬಾರಿಗೆ ಬೂಟು ಹಾಕಿದ. ಊಟಕ್ಕೆ ಕೂತರೆ “ಸಾಕು” ಎಂಬ ಒಂದೇ ಮಾತು. ಅವನು ಹೊರಡುವ ದಿನ ದೋಣಿಗಟ್ಟೆಯಲ್ಲಿ ಊರಿಗೆ ಊರೇ ಸೇರಿತ್ತಂತೆ. ಕುತ್ತಿಗೆಗೆ ಹೂಮಾಲೆ, ಮಸೀದಿಯಲ್ಲಿ ದುವಾ, ಹೊಳೆ ದಾಟುವವರೆಗೆ ಮಕ್ಕಳ ಕೇಕೆ. ಇದನ್ನು ಹೇಳುವಾಗ ಹುಡುಗನ ಮುಖದಲ್ಲಿ ಹೆಮ್ಮೆಯ ಬದಲು ಒಂದು ಬಗೆಯ ಹೆದರಿಕೆ ಇತ್ತು. ನಾನದನ್ನು ನಾಚಿಕೆ ಎಂದುಕೊಂಡೆ.

ಆ ದಿನಗಳಲ್ಲಿ ಮನೆಯೆಂದರೆ ನನಗೆ ಎರಡು ಕೋಣೆ, ಒಂದು ಹಾಲ್, ಎದುರು ಕಟ್ಟಡದ ಗೋಡೆಯನ್ನು ನೋಡುವ ಒಂದು ಕಿಟಕಿ. ಶುಕ್ರವಾರ ಬಿಟ್ಟರೆ ಕೆಳಗಿಳಿಯುವುದೇ ಇಲ್ಲ. ನನ್ನ ಪಾಸ್‌ಪೋರ್ಟು ಇವರದ್ದರ ಜೊತೆ ಕಂಪನಿಯ ಕಬ್ಬಿಣದ ಕಪಾಟಿನಲ್ಲಿತ್ತು. ಹುಡುಗರ ಎರಡು ಬಂದ ಮೇಲೆ ಮಂಗಳೂರಿನವರದ್ದೆಂದು ಎಲ್ಲವನ್ನೂ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಇಟ್ಟಿದ್ದಾರೆಂದು ಇವರು ತಮಾಷೆಯಾಗಿ ಹೇಳಿದರು. ಮೂರು ವರ್ಷದಿಂದ ನಾನು ಊರಿಗೆ ಹೋಗಿರಲಿಲ್ಲ. ರಾತ್ರಿಯ ಇಶಾ ನಮಾಝಿನ ನಂತರ ತಸ್ಬೀಹ್ ಮಣಿಗಳಲ್ಲಿ ಆ ದಿನದ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವುದು ನನ್ನ ಉಮ್ಮ ಕಲಿಸಿದ ಅಭ್ಯಾಸ. ಇಂದು ನಲ್ಲಿ ನೀರಿನಲ್ಲಿ ಉಪ್ಪು ಕಡಿಮೆ, ಅಲ್‌ಹಮ್ದುಲಿಲ್ಲಾ. ಎ.ಸಿ. ನಿಲ್ಲಲಿಲ್ಲ, ಅಲ್‌ಹಮ್ದುಲಿಲ್ಲಾ. ಹುಡುಗರು ಬಂದ ಮೇಲೆ ಮಣಿಗಳು ಬೇಗ ತುಂಬತೊಡಗಿದವು. ಹನೀಫ್ ಅಕ್ಕಿ ಕಡುಬಿನ ಪುಂಡಿ ಎರಡು ಹೆಚ್ಚು ತಿಂದ, ಅಲ್‌ಹಮ್ದುಲಿಲ್ಲಾ.

ಸಾಹೇಬರು ತಮ್ಮ ದೇಶದ ಚೆಂಡೊಂದನ್ನು ಹುಡುಗರಿಗೆ ಕೊಟ್ಟಿದ್ದರು. ಕಣ್ಣು ಚುರುಕಾಗಲಿ, ಹಾರಿ ಹಿಡಿಯಲು ಬರಲಿ ಎಂದು. ಎರಡು ತುದಿಯೂ ಚೂಪು. ಮಾಳಿಗೆಯ ಮೇಲೆ ಸಂಜೆ ಅದನ್ನು ಒದೆಯುತ್ತಿದ್ದರು. ನೆಲಕ್ಕೆ ಬಿದ್ದರೆ ಎಲ್ಲಿಗೆ ಹಾರುತ್ತದೆಂದು ಯಾರಿಗೂ ತಿಳಿಯದು; ಒಮ್ಮೆ ನಾನು ಒಣಹಾಕಿದ ಬಟ್ಟೆಯ ನಡುವಿಂದ ಬಂದು ಬಕೆಟ್ ಉರುಳಿಸಿತು.

“ಇದು ಚೆಂಡಾ, ಪೆಟ್ಟು ತಿಂದ ಹಲಸಿನ ಕಾಯಾ?” ಎಂದು ಬಟ್ಟೆಗಳ ಮರೆಯಿಂದ ಬೈದೆ.

“ಮಾಮಿ, ಇದಕ್ಕೆ ನಮ್ಮ ಹಾಗೆ ವಿಸಾ ಇಲ್ಲ, ಎಲ್ಲಿಗೆ ಬೇಕಾದರೂ ಹೋಗ್ತದೆ” ಎಂದ ವಿಶ್ವ. ಹನೀಫ್ ನಕ್ಕದ್ದನ್ನು ನಾನು ಸರಿಯಾಗಿ ನೋಡಿದ್ದು ಅಂದೇ.

ಡಿಸೆಂಬರಿನಲ್ಲಿ ಬಹ್ರೈನಿನ ಚಳಿ ಕಡಲಿನಿಂದ ಒದ್ದೆಯಾಗಿ ಬರುತ್ತದೆ. ಮೈದಾನವೆಂದರೆ ಗಟ್ಟಿ ಮಣ್ಣಿನ ಮೇಲೆ ಎಣ್ಣೆ ಸುರಿದು ಕೂರಿಸಿದ ನೆಲ, ಹುಲ್ಲಿನ ಹೆಸರಿಲ್ಲ. ಆ ತಿಂಗಳ ಕೊನೆಗೆ ನಾನು ಪರದೆಯ ಸಂದಿನಿಂದ ಒಂದು ವಿಷಯ ಗಮನಿಸಿದೆ. ಹನೀಫ್ ನಮ್ಮ ಹಾಲಿನಲ್ಲಿ ನಮಾಝ್ ಮಾಡುವಾಗ ನಮಾಝಿನ ಹಾಸಾದ ಮುಸಲ್ಲೆಯ ಕೆಳಗೆ, ಎಡಗಾಲು ಬರುವ ಜಾಗದಲ್ಲಿ, ಒಂದು ಟವೆಲ್ ಮಡಿಚಿ ಇಡುತ್ತಿದ್ದ. ಮೊದಲ ದಿನ ನೆಲ ತಣ್ಣಗಿರಬೇಕೆಂದುಕೊಂಡೆ. ಮೂರನೆಯ ದಿನ ಟವೆಲನ್ನು ಇನ್ನೊಂದು ಸುತ್ತು ಮಡಿಚಿದ. ಹಣೆ ನೆಲಕ್ಕೂರುವ ಸುಜೂದಿನಿಂದ ಎದ್ದು ಕೂರುವಾಗ ತುಟಿ ಕಚ್ಚಿದ.

ಸಲಾಂ ಹೇಳಿ ನಮಾಝ್ ಮುಗಿಸಿದ ಮೇಲೆ ಅಡುಗೆಮನೆಯ ಪರದೆಯ ಹಿಂದಿನಿಂದಲೇ ಕೇಳಿದೆ. “ಹನೀಫೇ, ಕಾಲಿಗೆ ಎಂತ ಆಗಿದೆ?”

“ಎಂತ ಇಲ್ಲ ಮಾಮಿ.”

“ಅಲ್ಲಾಹನ ಎದುರು ಕೂತು ಎದ್ದವನು ಸುಳ್ಳು ಹೇಳ್ಬಾರ್ದು.”

ಅವನು ಮುಸಲ್ಲೆಯ ಕೆಳಗಿನ ಟವೆಲನ್ನು ಎಳೆದು ತೆಗೆದ. ಆಮೇಲೆ ಪ್ಯಾಂಟ್ ಎತ್ತಿ ಮೊಳಕಾಲಿನ ಕೆಳಗೆ, ಮುಂದಿನ ಎಲುಬಿನ ಮೇಲೆ ಒಂದು ಬೆರಳಿಟ್ಟು ತೋರಿಸಿದ. “ಇಲ್ಲಿ ಮಾತ್ರ. ಒಂದು ಬೆರಳಿನಷ್ಟು ಜಾಗ. ಓಡುವಾಗ ಸೂಜಿ ಹೊಕ್ಕ ಹಾಗೆ ಆಗ್ತದೆ. ಆಮೇಲೆ ಸರಿಯಾಗ್ತದೆ.” ಮತ್ತೆ ಪರದೆಯ ಕಡೆ ತಿರುಗಿ, ತಗ್ಗಿದ ಧ್ವನಿಯಲ್ಲಿ, “ಪುಸ್ತಕದಲ್ಲಿ ಬರೀಬೇಡಿ ಮಾಮಿ. ಬರೆದರೆ ಕಳಿಸ್ತಾರೆ. ನಾನು ಮೂರು ತಿಂಗಳಲ್ಲಿ ಯಾವ ಮುಖ ಹೊತ್ತು ದೋಣಿಗಟ್ಟೆಯಲ್ಲಿ ಇಳೀಲಿ?”

ನಾನು ಬರೆಯಲಿಲ್ಲ. ಬರೆಯಬಾರದೆಂದು ಅವನು ಹೇಳಬೇಕಾಗಿಯೂ ಇರಲಿಲ್ಲ. ಅದನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗಲ್ಫಿಗೆ ಹೊರಟ ನಮ್ಮವರೆಲ್ಲ ಮೊದಲು ಬೊಂಬಾಯಿಯಲ್ಲಿ ಮೆಡಿಕಲ್ ಪಾಸಾಗಬೇಕಿತ್ತು. ಲಾಡ್ಜಿನ ಕೋಣೆಯಲ್ಲಿ ಏಜೆಂಟು ನಮ್ಮನ್ನು ಸಾಲಾಗಿ ಕೂರಿಸಿ ಪಾಠ ಹೇಳಿಕೊಡುತ್ತಿದ್ದ: ಡಾಕ್ಟರು ಏನು ಕೇಳಿದರೂ ಇಲ್ಲ ಎನ್ನಿ. ಕೆಮ್ಮು? ಇಲ್ಲ. ಕಾಮಾಲೆ? ಇಲ್ಲ. ಎಲ್ಲಾದರೂ ನೋವು? ಇಲ್ಲ. ಚಿಕ್ಕಂದಿನಿಂದ ದಮ್ಮು ಇದ್ದ ನಾನು ಉಸಿರು ಬಿಗಿಹಿಡಿದು ಇಲ್ಲ ಎಂದಿದ್ದೆ. ಇವರಿಗೆ ಹಿಂದಿನ ವರ್ಷವಷ್ಟೇ ಕಾಮಾಲೆ ಬಂದು ಹೋಗಿತ್ತು; ಇವರೂ ಇಲ್ಲ ಎಂದಿದ್ದರು. ಇಲ್ಲ ಎಂಬ ಒಂದೇ ಮಾತಿನ ಮೇಲೆ ಕೂತು ನಾವೆಲ್ಲ ಸಮುದ್ರ ದಾಟಿದವರು. ಅದಕ್ಕೇ ಕಾಗದದ ಮೇಲೆ ನೋವು ಎಂಬ ಮನೆ ಕಂಡರೆ ನಮ್ಮ ಕೈ ತಾನಾಗಿ ಇಲ್ಲ ಎಂದು ಬರೆಯುತ್ತದೆ. ಅಲ್ಲಿ ನಿಜ ಬರೆದವನು ವಾಪಸ್ ಹೋಗುತ್ತಾನೆ.

ಕಣ್ಣೆದುರೇ ಬೇರೆ ಉದಾಹರಣೆ ಇತ್ತು. ಒಂದು ವಾರ ವಿಶ್ವನಿಗೆ ಹೊಟ್ಟೆ ಕೆಟ್ಟಿತ್ತು. “ಬರೀರಿ ಮಾಮಿ, ನನ್ನ ಹೊಟ್ಟೆ ನಿಮ್ಮ ಸಾಹೇಬ್ರ ಇಂಜಿನಿಗಿಂತ ಜೋರು ಓಡ್ತಾ ಉಂಟು ಅಂತ ಬರೀರಿ” ಎಂದು ಕಾಡಿದ, ಬರೆದೆ. ಸಾಹೇಬರು ಎರಡು ದಿನ ರಜೆ ಕೊಟ್ಟು ಮೊಸರು ಕಳಿಸಿದರು. ಆದರೂ ನನಗೆ ಹೊಳೆಯಲಿಲ್ಲ. ಹೊಟ್ಟೆ ಬೇರೆ, ಕಾಲು ಬೇರೆ, ಫುಟ್‌ಬಾಲಿಗೆಂದು ತಂದವನ ಕಾಲು ಕೆಟ್ಟಿತೆಂದರೆ ಅವನಲ್ಲಿ ಉಳಿದದ್ದೇನು ಎಂದು ಲೆಕ್ಕ ಹಾಕಿದೆ.

ಬರೆಯದೆ ಇದ್ದುದಷ್ಟೇ ಅಲ್ಲ. ನರ ಹಿಡಿದಿದೆ ಎಂದು ನಿರ್ಧರಿಸಿ ಮದ್ದು ಮಾಡಿದವಳೂ ನಾನೇ. ಊರಿನಿಂದ ತಂದ, ಉಳುಕಿಗೆ ಹಚ್ಚುವ ಮುರಿವೆಣ್ಣೆಯ ಬಾಟಲಿ ಇತ್ತು. ಅದನ್ನು ಬಿಸಿ ಮಾಡಿ ಕೊಡುತ್ತಿದ್ದೆ, ವಿಶ್ವ ತಿಕ್ಕುತ್ತಿದ್ದ. “ಮೇಲಿಂದ ಕೆಳಗೆ. ಹಾಗಲ್ಲ, ಹೆಬ್ಬೆರಳು ಒತ್ತಿ. ಗಂಟು ಒಡೀಬೇಕು” ಎಂದು ಪರದೆಯ ಆಚೆಯಿಂದ ಹೇಳುತ್ತಿದ್ದೆ. ಹನೀಫ್ ಟವೆಲು ಕಚ್ಚಿ ಹಿಡಿಯುತ್ತಿದ್ದ. “ಮಾಮಿ, ಇವ ಅಳ್ತಾ ಇದ್ದಾನೆ” ಎಂದು ವಿಶ್ವ ಒಮ್ಮೆ ಕೈ ಬಿಟ್ಟ. “ನೋವು ಹೊರಗೆ ಬರುವಾಗ ಹಾಗೇ. ತಿಕ್ಕು” ಎಂದೆ. ಮರುದಿನ ಬೆಳಿಗ್ಗೆ ಹನೀಫ್ ಬಿಳಿ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಮೇಲೆ ಉದ್ದ ಸಾಕ್ಸು ಎಳೆದು ಅಭ್ಯಾಸಕ್ಕೆ ಹೋಗುತ್ತಿದ್ದ. ನಾನು ನೀಲಿ ಪುಸ್ತಕ ತೆಗೆದು, ಬಿಸ್ಮಿಲ್ಲಾ ಹೇಳಿಯೇ, ಐದನೆಯ ಮನೆಯಲ್ಲಿ ‘ಇಲ್ಲ’ ಎಂದು ಬರೆಯುತ್ತಿದ್ದೆ. ರಾತ್ರಿ ತಸ್ಬೀಹಿನಲ್ಲಿ ಹನೀಫ್ ಇಂದು ಕುಂಟಲಿಲ್ಲ ಎಂದು ಒಂದು ಮಣಿ ಸರಿಸುತ್ತಿದ್ದೆ.

ಫೆಬ್ರುವರಿಯಲ್ಲಿ ನಮ್ಮ ತಂಡ ಸಾಲಾಗಿ ಸೋತಿತು. ಹೊಸ ಹುಡುಗರನ್ನು ಇಳಿಸಿ ಎಂದು ಮ್ಯಾನೇಜರ್ ಪಟ್ಟು ಹಿಡಿದ. ಮೊದಲ ವರ್ಷ ಇಳಿಸುವುದಿಲ್ಲ ಎಂದರು ಸಾಹೇಬರು. ಚಾಕರಿ ಮಾಡದವರನ್ನು ಸಾಕಲು ಇದು ಅನಾಥರ ಯತೀಂಖಾನೆಯೇ ಎಂದು ಮ್ಯಾನೇಜರ್ ಕೇಳಿದನಂತೆ. ಕೊನೆಗೆ ಸಾಹೇಬರು ನೀಲಿ ಪುಸ್ತಕ ತರಿಸಿ, ಹನೀಫನ ಪುಟಗಳನ್ನು ಮೊದಲಿನಿಂದ ತಿರುವಿ, ಶುಕ್ರವಾರದ ಪಂದ್ಯಕ್ಕೆ ಅರ್ಧ ಹೊತ್ತು ಇಳಿಸಲು ಒಪ್ಪಿದರು.

ಹೊರಡುವಾಗ ಹನೀಫ್ ಬಾಗಿಲಲ್ಲಿ ನಿಂತು “ದುವಾ ಮಾಡಿ ಮಾಮಿ” ಎಂದ. “ಬರುವಾಗ ಸಾಫಿ ಕಾಯಿಸಿ ಇಡ್ತೇನೆ” ಎಂದೆ. ಅದೇ ಸಾಫಿ.

ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡು, ತೊಡೆಯವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು. ಮಾಳಿಗೆಗೆ ಹತ್ತಲಾಗದೆಂದು ಹಾಲಿನ ಸೋಫಾದಲ್ಲೇ ಮಲಗಿಸಿದೆವು. ಎಲುಬಿನಲ್ಲಿ ಮೊದಲೇ ಕೂದಲೆಳೆಯಂತಹ ಸೀಳಿತ್ತು, ಅದರ ಮೇಲೇ ಓಡಿದ್ದರಿಂದ ಹೋಯಿತು ಎಂದು ಡಾಕ್ಟರು ಬರೆದಿದ್ದರು. ಅಷ್ಟು ಸಿಕ್ಕಿದ್ದೇ ತಡ, ಹುಡುಗ ಹಳೆಯ ಏಟನ್ನು ಅಡಗಿಸಿಕೊಂಡು ಊರಿನಿಂದಲೇ ಮೋಸ ಮಾಡಿ ಬಂದವನು ಎಂದ ಮ್ಯಾನೇಜರ್. ವಿಸಾ ಕ್ಯಾನ್ಸಲ್, ಮುಂದಿನ ವಿಮಾನಕ್ಕೆ ಹತ್ತಿಸಿ, ಮತ್ತೆ ಈ ದೇಶಕ್ಕೆ ಕಾಲಿಡದಂತೆ ಕಪ್ಪುಪಟ್ಟಿಗೆ ಹೆಸರು ಕೊಡಿ ಎಂದು ಇವರಿಗೇ ಟೈಪ್ ಮಾಡಲು ಹೇಳಿದ.

ಬುಧವಾರ ಸಂಜೆ ಡಗ್ಲಸ್ ಸಾಹೇಬರು ಬಂದರು. ಹನೀಫ್ ಮಾತ್ರೆಯ ಮಂಪರಿನಲ್ಲಿ ಮಲಗಿದ್ದ. ಸಾಹೇಬರು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು ಪುಸ್ತಕ ತೆರೆದರು. ಒಂದೊಂದೇ ಪುಟ ತಿರುವುತ್ತ ಐದನೆಯ ಮನೆಯ ಮೇಲೆ ಬೆರಳಿಡುತ್ತ ಹೋದರು. ಇಲ್ಲ. ಇಲ್ಲ. ಇಲ್ಲ. ಆ ಅಕ್ಷರ ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಹನೀಫನ ಪುಟಗಳಲ್ಲೆಲ್ಲ ಒಂದೇ ಆಕಾರ ಇದ್ದುದು ಕಾಣುತ್ತಿತ್ತು. ಆಮೇಲೆ ಪರದೆಯ ಕಡೆ ನೋಡಿ ಏನೋ ಹೇಳಿದರು. ಸಿಟ್ಟಿನಿಂದಲ್ಲ. ಇವರು ತಲೆ ತಗ್ಗಿಸಿ ಕನ್ನಡ ಮಾಡಿದರು.

“ನಮ್ಮ ದೇಶದಲ್ಲೂ ಹುಡುಗರು ನೋವು ಅಡಗಿಸ್ತಾರೆ. ಕಳಿಸಿಬಿಡ್ತಾರೆ ಅಂತ ಹೆದರಿಕೆ. ಅದಕ್ಕೇ ನಾನು ಹುಡುಗನನ್ನು ಕೇಳಲಿಲ್ಲ, ಮನೆಯ ತಾಯಿಯನ್ನು ಕೇಳಿದ್ದು. ಇದೆ ಅಂತ ಬರೆದಿದ್ದರೆ ಆರು ವಾರ ಕೂರಿಸ್ತಿದ್ದೆ, ಅಷ್ಟೆ.”

ಆರು ವಾರ. ನಾನು ಪರದೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಕೊಕ್ಕೆಗಳು ಒಂದೆರಡು ಕಿತ್ತು ಬಂದವು.

ಹೋಗುವಾಗ ಸಾಹೇಬರು ಇನ್ನೊಂದು ಮಾತು ಹೇಳಿದರು. ನೋವು ಇಲ್ಲಿಗೆ ಬಂದ ಮೇಲೆ, ಇಲ್ಲಿಯ ಅಭ್ಯಾಸದಲ್ಲಿ ಶುರುವಾಯಿತೆಂದು ಬಲ್ಲವರು ಯಾರಾದರೂ ಬರೆದುಕೊಟ್ಟರೆ ಹುಡುಗನನ್ನು ಮೋಸಗಾರನೆಂದು ಕಳಿಸಲಾಗದು, ಕಂಪನಿಯೇ ನೋಡಿಕೊಳ್ಳಬೇಕು. ಶನಿವಾರ ಬೆಳಿಗ್ಗೆ ಕಾಗದ ಕೈಯಲ್ಲಿರಬೇಕು.

ಬಲ್ಲವರು ಎಂದರೆ ನಾನು. ಗುರುವಾರ ಮುಂಜಾನೆಯ ಫಜರ್ ಮುಗಿಸಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದೆ. ಡಿಸೆಂಬರಿನಿಂದ ಹುಡುಗನ ಎಡಗಾಲಿನಲ್ಲಿ ನೋವಿತ್ತು. ನನಗೆ ಗೊತ್ತಿತ್ತು. ಇಲ್ಲ ಎಂದು ಬರೆದವಳು ನಾನು, ಎಣ್ಣೆ ಕೊಟ್ಟು ತಿಕ್ಕಿಸಿದವಳು ನಾನು. ಬಂದ ದಿನ ಅವನ ಕಾಲು ಸರಿಯಾಗಿಯೇ ಇತ್ತು.

ಇವರು ಚಹದ ಗ್ಲಾಸ್ ಕೆಳಗಿಟ್ಟು ಓದಿದರು. ಎರಡು ಸಲ ಓದಿದರು.

“ಪ್ರತಿ ವಾರ ಕೆಳಗೆ ಸಹಿ ಹಾಕಿದವ ನಾನು. ನಿನಗೆ ಗೊತ್ತುಂಟಲ್ಲ?”

“ಗೊತ್ತುಂಟು.”

“ಇದನ್ನು ಇಂಗ್ಲಿಷ್ ಮಾಡಿದರೆ ನನ್ನ ವಿಸಾ ನಾನೇ ಹರಿದ ಹಾಗೆ. ಆಮೇಲೆ ನಾವು ಮೂವರು, ಆ ಹುಡುಗ, ನಾಲ್ಕೂ ಜನ ಒಂದೇ ವಿಮಾನದಲ್ಲಿ.”

“ಆ ಹುಡುಗನನ್ನು ಚೀಟಿ ಎತ್ತಿ ತಂದದ್ದು ನಿಮ್ಮ ಕೈ. ಕಾಲು ತಿಕ್ಕಿಸಿದ್ದು ನನ್ನ ಬಾಯಿ. ಇನ್ನು ಅವನ ಹಣೆಗೆ ಮೋಸಗಾರ ಅಂತ ಬರೆಯುವ ಕೈಯೂ ನಮ್ಮದೇ ಆಗ್ಬೇಕಾ?”

ಇವರು ಪುಸ್ತಕ ಮುಚ್ಚಿಟ್ಟು ಶೂ ಹಾಕಿಕೊಂಡರು. ಮರುದಿನ ಶುಕ್ರವಾರ, ಜುಮಾ ದಿನವಿಡೀ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎದುರು ಗೋಡೆಯ ಬಿಸಿಲು ಇಂಚಿಂಚಾಗಿ ಇಳಿಯುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಹನೀಫ್ ಸೋಫಾದಿಂದ ಅದನ್ನೇ ನೋಡುತ್ತಿದ್ದ. ವಿಶ್ವ ಒಮ್ಮೆ ಕೆಳಗಿಳಿದು ಬಂದು, “ಹನೀಫ್, ಹಲಸಿನ ಕಾಯಿ ಪಕ್ಕದ ಮಾಳಿಗೆಗೆ ಹೋಯ್ತು ಮಾರಾಯ. ಅದಾದರೂ ತಪ್ಪಿಸಿಕೊಂಡಿತು” ಎಂದ. ಯಾರೂ ನಗಲಿಲ್ಲ. ಅವನೂ ಸುಮ್ಮನೆ ಹತ್ತಿ ಹೋದ. ಅಸರ್‌ನ ನಂತರ ಇವರು ಪೆನ್ನಿಗೆ ಶಾಯಿ ತುಂಬಿಸಿ ಕೂತರು. ಕಾಲು ಗಂಟೆ ಬೇಕಾಯಿತು. ಸಹಿ ಹಾಕುವಾಗ ಬಿಸ್ಮಿಲ್ಲಾ ಎಂದದ್ದು ನನಗೆ ಕೇಳಿಸಿತು.

ಶನಿವಾರ ಮಧ್ಯಾಹ್ನದ ಲುಹರ್ ಹೊತ್ತಿಗೆ ಇವರು ಹಿಂದಿರುಗಿದರು. ಶೂ ಬಿಚ್ಚುತ್ತಲೇ ಹೇಳಿದರು. “ಹುಡುಗ ಇಲ್ಲೇ ಇರ್ತಾನೆ. ಮದ್ದು, ಆಸ್ಪತ್ರೆ ಎಲ್ಲ ಕಂಪನಿದು. ಕರಾರು ಮುಗಿಯುವವರೆಗೆ ಯಾರೂ ಕಳಿಸುವ ಹಾಗಿಲ್ಲ. ಸಾಹೇಬ್ರು ಮ್ಯಾನೇಜರನ ಕೋಣೆಯಲ್ಲಿ ಕೂತವರು ಅವ ಒಪ್ಪುವವರೆಗೆ ಎದ್ದೇ ಇಲ್ಲ.”

“ನೀವು?”

“ನನ್ನನ್ನು ಸಿತ್ರಾದ ಗೋದಾಮಿಗೆ ಹಾಕಿದ್ದಾರೆ. ಆಫೀಸು ಖಲ್ಲಾಸ್. ಅಲ್ಲಿ ಫ್ಯಾನ್ ಉಂಟು.”

ಅಲ್‌ಹಮ್ದುಲಿಲ್ಲಾ ಎಂದೆ. ಹುಡುಗ ಉಳಿದ, ಇವರು ಉಳಿದರು, ಫ್ಯಾನ್ ಇದೆ. ಮೂರು ಮಣಿ. ಆ ಸಂತೋಷದಲ್ಲಿ ತಲೆಯ ಮೇಲೆ ಸೆರಗೆಳೆದುಕೊಂಡು ನಾನೇ ಹಾಲಿಗೆ ಬಂದು ಹನೀಫನಿಗೆ ಹೇಳಿದೆ. “ಕೇಳಿದಿಯಾ? ನಿನ್ನನ್ನು ಇನ್ನು ಯಾರೂ ಊರಿಗೆ ಕಳಿಸುವುದಿಲ್ಲ. ಕರಾರು ಮುಗಿಯುವವರೆಗೆ ಇಲ್ಲೇ.”

ಅವನು ಗೋಡೆಯ ಕಡೆ ಮುಖ ಮಾಡಿದ. ಗೋಡೆಗೇ ಹೇಳುವವನಂತೆ ಹೇಳಿದ.

“ನನಗೆ ಹೋಗ್ಬೇಕಿತ್ತು ಮಾಮಿ.”

ನಾನು ಸೋಫಾದ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟೆ.

“ಬಂದ ದಿನದಿಂದ ಹೋಗ್ಬೇಕಿತ್ತು. ಹಾಗೇ ಹೋದರೆ ಓಡಿ ಬಂದ ಅಂತಿದ್ರು. ಈಗಾದರೆ ಕಾಲು ಮುರಿದು ಬಂದ ಅಂತಿದ್ರು. ಅದಕ್ಕೆ ಯಾರೂ ನಗ್ತಿರಲಿಲ್ಲ.” ಉಸಿರೆಳೆದುಕೊಂಡ. “ಬಿದ್ದಾಗ ಶಬ್ದ ಕೇಳಿತಲ್ಲ, ನನಗೆ ಮೊದಲು ಅನ್ನಿಸಿದ್ದು ಅದೇ. ಇನ್ನು ಹೋಗ್ಬಹುದು ಅಂತ.”

“ಮೋಸಗಾರ ಅಂತ ಹೆಸರು ಹಾಕ್ತಿದ್ರಲ್ಲ ಮಗಾ.”

“ಹೆಸರು ಇಲ್ಲಿ ತಾನೇ? ನನಗೆ ಇಲ್ಲಿಗೆ ಮತ್ತೆ ಬರ್ಲಿಕ್ಕೇ ಇರಲಿಲ್ಲ.” ಆಮೇಲೆ, ದೂರಿನ ಧ್ವನಿಯಲ್ಲೂ ಅಲ್ಲ, “ನನ್ನತ್ರ ಯಾರೂ ಕೇಳಲಿಲ್ಲ ಅಲ್ಲವಾ” ಎಂದ.

ಟೊಪ್ಪಿಯಿಂದ ಚೀಟಿ ಎತ್ತಿದವರು ಕೇಳಿರಲಿಲ್ಲ. ಸಾಹೇಬರು ಅವನನ್ನು ಬಿಟ್ಟು ನನ್ನನ್ನು ಕೇಳಿದ್ದರು. ನಾನು ಅವನಿಗಾಗಿ ಗಂಡನ ಕುರ್ಚಿಯನ್ನೇ ಕೊಟ್ಟವಳು. ಕೊಡುವ ಮೊದಲು ನಿನಗೆ ಏನು ಬೇಕು ಎಂಬ ಒಂದು ಮಾತು ನನ್ನ ಬಾಯಿಗೆ ಬಂದಿರಲಿಲ್ಲ. ಅವನ ಪಾಲಿಗೆ ತೆರೆದಿದ್ದ ಒಂದೇ ಒಂದು ಬಾಗಿಲನ್ನು ನಾನು ಅಲ್ಲಾಹನ ಹೆಸರು ಹೇಳಿ, ಒಳ್ಳೆಯದು ಮಾಡುತ್ತೇನೆಂದು ನಂಬಿ, ಕೀಲಿ ಹಾಕಿದ್ದೆ. ಕರಾರು ಮುಗಿಯಲು ಇನ್ನೂ ಒಂದೂವರೆ ವರ್ಷವಿತ್ತು. ಆ ಒಂದೂವರೆ ವರ್ಷವನ್ನು ಅವನು ಮುಗಿಸಿದ, ಪ್ಲಾಸ್ಟರ್ ಬಿಚ್ಚಿದ ಮೇಲೆ ಸಾಹೇಬರು ಅವನನ್ನು ನಡಿಗೆಯಿಂದ ಶುರುಮಾಡಿ ಮತ್ತೆ ಓಡಿಸಿದರು, ಕಾಲು ಕುಂಟಾಗಲಿಲ್ಲ. ಈಗ ಬೆಂಗ್ರೆಯಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುತ್ತಾನೆ, ಹಬ್ಬಕ್ಕೆ ಬಂದು ಹೋಗುತ್ತಾನೆ, ಆ ಶನಿವಾರದ ಮಾತನ್ನು ಎತ್ತುವುದಿಲ್ಲ. ಎಣಿಸಬೇಕೆಂದರೆ ಇವೆಲ್ಲವನ್ನೂ ಎಣಿಸಬಹುದು. ಆದರೆ ಆ ಮಧ್ಯಾಹ್ನ ನನ್ನ ಕೈಯಲ್ಲಿ ಒಂದು ಮಣಿಯೂ ಸರಿಯಲಿಲ್ಲ.

ನೀಲಿ ಪುಸ್ತಕ ಮೇಜಿನ ಮೇಲಿತ್ತು. ಅದನ್ನು ಎತ್ತಿಕೊಂಡು, ಸೋಫಾದ ಪಕ್ಕದ ಕುರ್ಚಿಯಲ್ಲಿ ಕೂತು, ಆ ದಿನದ ಪುಟ ತೆರೆದೆ.

“ಹನೀಫೇ, ನೋವುಂಟಾ?”

ಅವನು ಗೋಡೆಯಿಂದ ಮುಖ ತಿರುಗಿಸಲಿಲ್ಲ. “ಉಂಟು ಮಾಮಿ.”

ಎಲ್ಲಿ ಎಂದು ನಾನು ಕೇಳಲಿಲ್ಲ. ಐದನೆಯ ಮನೆಯಲ್ಲಿ ‘ಉಂಟು’ ಎಂದು ಬರೆದು, ಶಾಯಿ ಒಣಗಲು ಪುಸ್ತಕವನ್ನು ತೆರೆದೇ ಇಟ್ಟೆ. ಅಡುಗೆಮನೆಯಲ್ಲಿ ಪುಂಡಿಗೆಂದು ಅಕ್ಕಿ ನೆನೆಹಾಕಿದ್ದೆ. ನೀರು ಬಸಿದು, ಬೆರಳಲ್ಲಿ ಒಂದು ಕಾಳು ಒತ್ತಿ ನೋಡಿ, ಅರೆಯಲು ಕೂತೆ.